ನಾಯಿ ತೋಟದ ವಿಷ ತಿಂದರೆ: ಬಾಯಿಗೆ ಏನೂ ಹಾಕಬೇಡಿ, ಪ್ಯಾಕೆಟ್ ಹುಡುಕಿ, ಹೊರಡಿ

ಈ ವಾರದ ವಿಡಿಯೋದಲ್ಲಿ ಮಾತಾಡಿದ್ದನ್ನೇ ಇಲ್ಲಿ ಬರೆದು ಹಾಕ್ತಾ ಇದ್ದೀನಿ. ಯಾಕಂದ್ರೆ ಈ ವಿಷಯ ನಿಜವಾಗಿ ಬೇಕಾಗೋ ಹೊತ್ತಲ್ಲಿ ವಿಡಿಯೋ ಹಾಕಿಕೊಂಡು ಕೂರೋಕೆ ಯಾರಿಗೂ ಪುರುಸೊತ್ತು ಇರಲ್ಲ. ಕಣ್ಣಿಗೆ ಬೀಳೋ ಹಾಗೆ ನಾಲ್ಕು ಸಾಲು ಬೇಕು.

ಆ ನಾಲ್ಕು ಸಾಲು ಮೊದಲೇ ಹೇಳಿಬಿಡ್ತೀನಿ. ನಿಮ್ಮ ನಾಯಿ ಈಗಷ್ಟೇ ಏನೋ ತಿಂದಿದೆ ಅಂತ ಹುಡುಕುತ್ತಾ ಬಂದಿದ್ದರೆ ಇಷ್ಟು ಓದಿ ಹೊರಡಿ, ಉಳಿದದ್ದು ಆಮೇಲೆ.

1. ನಾಯಿಯನ್ನು ಆ ಜಾಗದಿಂದ ದೂರ ಎಳೆದುಕೊಳ್ಳಿ. ಬಾಯಲ್ಲಿ ಇನ್ನೂ ಇದ್ದರೆ ತೆಗೆಯಿರಿ, ಒದ್ದೆ ಬಟ್ಟೆಯಿಂದ ಮೂತಿ ಒರೆಸಿ.
2. ಬಾಯಿಗೆ ಏನೂ ಹಾಕಬೇಡಿ. ಹಾಲು, ಉಪ್ಪು ನೀರು, ಮೊಟ್ಟೆ, ಎಣ್ಣೆ, ತುಪ್ಪ, ಯಾವುದೂ ಬೇಡ. ನೀವಾಗಿ ವಾಂತಿ ಮಾಡಿಸಲು ಹೋಗಬೇಡಿ.
3. ಪ್ಯಾಕೆಟ್, ಡಬ್ಬಿ, ಉಳಿದ ಕಾಳು, ವಾಂತಿ ಆಗಿದ್ದರೆ ಅದರ ಸ್ವಲ್ಪ, ಎಲ್ಲ ಒಂದು ಕವರ್‌ಗೆ ಹಾಕಿ ಜೊತೆಗೆ ತಗೊಳ್ಳಿ. ಲೇಬಲ್‌ನ ಫೋಟೋ ಹೊಡೆದು ವೆಟ್‌ಗೆ ವಾಟ್ಸಾಪ್ ಮಾಡಿ.
4. ಹತ್ತಿರದಲ್ಲಿ ತೆರೆದಿರೋ ಕ್ಲಿನಿಕ್‌ಗೆ ಫೋನ್ ಮಾಡುತ್ತಲೇ ಹೊರಡಿ. ನಾಯಿ ಚೆನ್ನಾಗೇ ಇದೆ ಅನಿಸಿದರೂ ಹೊರಡಿ.

ಕೊನೆಯ ಮಾತೇ ಇವತ್ತಿನ ಮುಖ್ಯ ಮಾತು. ತೋಟದ ವಿಷಗಳಲ್ಲಿ ಕೆಲವು ಅರ್ಧ ಗಂಟೆಯಲ್ಲಿ ನಾಯಿಯನ್ನು ಕೆಡವುತ್ತವೆ, ಕೆಲವು ಮೂರು ದಿನ ಸುಮ್ಮನಿದ್ದು ಆಮೇಲೆ ಕೆಡವುತ್ತವೆ. ಎರಡನೇ ಜಾತಿಯದ್ದು ತಿಂದ ನಾಯಿ ಅವತ್ತು ಸಂಜೆ ಬಾಲ ಅಲ್ಲಾಡಿಸಿಕೊಂಡು ಊಟಾನೂ ಮಾಡತ್ತೆ. "ನೋಡೋಣ, ಏನಾದ್ರೂ ಆದ್ರೆ ಹೋಗೋಣ" ಅಂತ ಕಾಯೋದು ಅಲ್ಲೇ ಮೋಸ ಹೋಗೋದು.

ಯಾಕೆ ಹೈದರಾಬಾದಿನಲ್ಲಿ, ಯಾಕೆ ಈಗ

ನಮ್ಮಲ್ಲಿ ತುಂಬಾ ಜನ ಇಲ್ಲಿ ಇರೋದು ಕೊಂಡಾಪುರ, ಗಚ್ಚಿಬೌಲಿ, ನಲ್ಲಗಂಡ್ಲ, ತೆಲ್ಲಾಪುರ, ಮಣಿಕೊಂಡ ಈ ಕಡೆ. ಗೇಟೆಡ್ ಕಮ್ಯುನಿಟಿ ಅಂದ್ರೆ ಲಾನ್, ಹೂವಿನ ಪಾತಿ, ಬೇಸ್‌ಮೆಂಟ್, ಕಸದ ಕೋಣೆ, ಎಲ್ಲ ಇರತ್ತೆ. ಜೂನ್‌ನಲ್ಲಿ ಮಳೆ ಹಿಡೀತು ಅಂದ್ರೆ ಹುಳ, ಬಸವನಹುಳು, ಗೆದ್ದಲು, ಇಲಿ ಎಲ್ಲಾ ಹೊರಗೆ ಬರತ್ತೆ. ಅದರ ಹಿಂದೆಯೇ ಮಾಲಿ ಬಕೆಟ್ ಹಿಡಿದು, ಪೆಸ್ಟ್ ಕಂಟ್ರೋಲ್‌ನವರು ಡಬ್ಬಿ ಹಿಡಿದು ಬರ್ತಾರೆ. ಮನೆಯಲ್ಲೂ ಅಷ್ಟೇ. ಬಾಲ್ಕನಿಯ ಗುಲಾಬಿ ಕುಂಡಕ್ಕೆ ಒಂದು ಚಮಚ ಹರಳು ಔಷಧಿ, ಯುಟಿಲಿಟಿಯಲ್ಲಿ ಇಲಿಗೆ ಒಂದು ಕೇಕ್.

ಇನ್ನೊಂದು ವಿಚಾರ ಗಮನಿಸಿ. ನಾಯಿಗೆ ವಿಷ ಇಷ್ಟ ಆಗೋದಿಲ್ಲ, ಅದರ ಜೊತೆ ಇರೋ ತಿಂಡಿ ಇಷ್ಟ ಆಗತ್ತೆ. ಬಸವನಹುಳುವಿನ ಬೈಟ್‌ನಲ್ಲಿ ತೌಡು, ಬೆಲ್ಲದಂಥ ಸಿಹಿ ಸೇರಿಸಿರ್ತಾರೆ. ಇಲಿ ಕೇಕ್‌ನಲ್ಲಿ ಧಾನ್ಯ, ಎಣ್ಣೆ ಇರತ್ತೆ. ಗುಲಾಬಿ ಗಿಡಕ್ಕೆ ಮೂಳೆ ಪುಡಿ ಹಾಕಿ, ಅದೇ ಮಣ್ಣಿಗೆ ಕೀಟನಾಶಕದ ಹರಳು ಬೆರೆಸಿದರೆ, ನಾಯಿ ಮೂಳೆ ವಾಸನೆಗೆ ಕೆರೆದು ಎರಡನ್ನೂ ನುಂಗತ್ತೆ. ಹಾಗಾಗಿ "ನಮ್ಮ ನಾಯಿ ಅಂಥದ್ದೆಲ್ಲಾ ಮುಟ್ಟಲ್ಲ" ಅನ್ನೋ ನಂಬಿಕೆ ಇಟ್ಕೋಬೇಡಿ.

ಬಾಯಿಗೆ ಯಾಕೆ ಏನೂ ಹಾಕಬಾರದು

ನಮ್ಮ ಮನೆಗಳಲ್ಲಿ ವಿಷ ಅಂದ ಕೂಡಲೇ ಅಜ್ಜಿಯ ಕಾಲದಿಂದ ಬಂದ ಔಷಧಿ ನೆನಪಾಗತ್ತೆ: ಉಪ್ಪು ನೀರು ಕುಡಿಸು, ಹುಣಸೆ ನೀರು ಕುಡಿಸು, ಹಾಲು ಹಾಕು, ಹಸಿ ಮೊಟ್ಟೆ ಒಡೆದು ಹಾಕು. ಪ್ರೀತಿಯಿಂದಲೇ ಹೇಳೋದು. ಆದರೆ ಒಂದೊಂದಾಗಿ ನೋಡಿ.

ಉಪ್ಪು ನೀರು: ನಾಯಿ ವಾಂತಿ ಮಾಡದೆ ಅದನ್ನು ಒಳಗೇ ಇಟ್ಟುಕೊಂಡರೆ ರಕ್ತದಲ್ಲಿ ಸೋಡಿಯಂ ಏರತ್ತೆ. ಅದೇ ಫಿಟ್ಸ್ ತರಿಸತ್ತೆ, ಅದೇ ಜೀವ ತೆಗೀಬಹುದು. ಒಂದು ವಿಷದ ಮೇಲೆ ಇನ್ನೊಂದು ವಿಷ ಅಷ್ಟೇ.

ಹಾಲು, ತುಪ್ಪ, ಎಣ್ಣೆ: ವಿಷವನ್ನು ಹಾಲು "ತಣ್ಣಗೆ" ಮಾಡತ್ತೆ ಅನ್ನೋದು ನಿಜ ಅಲ್ಲ. ಇಲಿ ಪಾಷಾಣದ ಕೆಲವು ಪೇಸ್ಟ್‌ಗಳಲ್ಲಿ ಹಳದಿ ರಂಜಕ ಇರತ್ತೆ. ಅದು ಕೊಬ್ಬಿನಲ್ಲಿ ಕರಗುವಂಥದ್ದು. ತುಪ್ಪ ಹಾಕಿದರೆ ಅದು ಮೈಗೆ ಸೇರೋಕೆ ನಾವೇ ದಾರಿ ಮಾಡಿಕೊಟ್ಟ ಹಾಗೆ.

ಬಲವಂತದ ವಾಂತಿ: ಬಹಳಷ್ಟು ದ್ರವರೂಪದ ಕೀಟನಾಶಕಗಳು, ಲೇಬಲ್ ಮೇಲೆ "ಇ.ಸಿ." ಅಂತ ಬರೆದಿರುವಂಥವು, ಪೆಟ್ರೋಲಿಯಂ ಜಾತಿಯ ದ್ರಾವಕದಲ್ಲಿ ಕರಗಿಸಿದವು. ವಾಂತಿ ಆಗುವಾಗ ಅದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗತ್ತೆ. ನಾಯಿ ನಡುಗ್ತಾ ಇದ್ದರೆ, ಮಂಕಾಗಿದ್ದರೆ, ಫಿಟ್ಸ್ ಬರ್ತಾ ಇದ್ದರೆ ವಾಂತಿ ಶ್ವಾಸನಾಳಕ್ಕೇ ಹೋಗತ್ತೆ. ಪಗ್, ಶಿಟ್ಜು, ಬುಲ್‌ಡಾಗ್ ಥರದ ಚಪ್ಪಟೆ ಮೂತಿಯ ನಾಯಿಗಳಿಗೆ ಈ ಅಪಾಯ ಇನ್ನೂ ಜಾಸ್ತಿ.

ಹಾಗಾದ್ರೆ ವಾಂತಿ ಮಾಡಿಸೋದೇ ತಪ್ಪಾ? ಅಲ್ಲ. ತಿಂದು ಒಂದೆರಡು ಗಂಟೆಯೊಳಗೆ, ನಾಯಿ ಚುರುಕಾಗಿದ್ದಾಗ, ಸರಿಯಾದ ವಿಷಕ್ಕೆ ಅದು ತುಂಬಾ ಒಳ್ಳೆ ಚಿಕಿತ್ಸೆ. ಆದರೆ ಅದನ್ನು ವೆಟ್ ಇಂಜೆಕ್ಷನ್ ಕೊಟ್ಟು ಮಾಡಿಸ್ತಾರೆ.

ಇಂಟರ್ನೆಟ್‌ನಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಕುಡಿಸಿ ಅನ್ನೋ ಸಲಹೆ ಸಿಗತ್ತೆ. ಆ ಲೆಕ್ಕ ಎಲ್ಲಾ ಅಮೆರಿಕದ ಶೇ. 3ರ ಬಾಟಲಿಗೆ. ನಮ್ಮ ಮೆಡಿಕಲ್ ಶಾಪ್‌ನಲ್ಲಿ ಸಾಮಾನ್ಯವಾಗಿ ಕೊಡೋದು 20 ವಾಲ್ಯೂಮ್ ಅಂತ ಬರೆದಿರೋದು, ಅಂದ್ರೆ ಶೇ. 6, ಎರಡು ಪಟ್ಟು ಗಟ್ಟಿ. ಹೊಟ್ಟೆಯ ಒಳಪದರ ಸುಟ್ಟು ಹೋಗಬಹುದು. ಫೋನಿನಲ್ಲಿ ಇರೋ ವೆಟ್, ನಿಮ್ಮ ಕೈಲಿರೋ ಬಾಟಲಿಯ ಶೇಕಡಾ ಎಷ್ಟು ಅಂತ ಕೇಳಿ, ಇಷ್ಟು ಎಂಎಲ್ ಅಂತ ಹೇಳಿದರೆ ಮಾತ್ರ ಮುಟ್ಟಿ.

ಒಂದೊಂದು ವಿಷಕ್ಕೆ ಒಂದೊಂದು ಗಡಿಯಾರ

ಈಗ ಯಾವ ವಿಷ ಏನು ಮಾಡತ್ತೆ ನೋಡೋಣ. ನೀವು ಚಿಕಿತ್ಸೆ ಮಾಡಲಿ ಅಂತ ಹೇಳ್ತಾ ಇಲ್ಲ. ಎಷ್ಟು ಹೊತ್ತಿದೆ, ವೆಟ್‌ಗೆ ಏನು ಹೇಳಬೇಕು ಅಂತ ಗೊತ್ತಿರಲಿ ಅಂತ.

ಬಸವನಹುಳುವಿನ ಗುಳಿಗೆ. ಇದರಲ್ಲಿ ಇರೋದು ಮೆಟಾಲ್ಡಿಹೈಡ್, ಸಾಮಾನ್ಯವಾಗಿ ಶೇ. 2.5. ಬೆಂಗಳೂರಿನ ತೋಟ, ಕೊಡಗಿನ ಕಾಫಿ ತೋಟ ನೋಡಿದವರಿಗೆ ಆಫ್ರಿಕನ್ ದೈತ್ಯ ಬಸವನಹುಳು ಗೊತ್ತಿರತ್ತೆ. 1847ರಲ್ಲಿ ಬೆನ್ಸನ್ ಅನ್ನೋನು ಮಾರಿಷಸ್‌ನಿಂದ ತಂದು ಕಲ್ಕತ್ತೆಯ ಒಂದು ತೋಟಕ್ಕೆ ಬಿಟ್ಟಿದ್ದು ಇವತ್ತು ದೇಶದ ಎಷ್ಟೋ ಕಡೆ ಹರಡಿದೆ. ಅದಕ್ಕೇ ಈ ಗುಳಿಗೆ. ನಾಯಿ ತಿಂದರೆ ಅರ್ಧ ಗಂಟೆಯಿಂದ ಮೂರು ಗಂಟೆಯೊಳಗೆ ಶುರುವಾಗತ್ತೆ: ಚಡಪಡಿಕೆ, ಜೊಲ್ಲು, ತೂರಾಡೋದು, ಆಮೇಲೆ ಮೈಯೆಲ್ಲಾ ನಡುಕ, ಫಿಟ್ಸ್. ನಡುಕದಿಂದಲೇ ಮೈ ಶಾಖ 42 ಡಿಗ್ರಿ ದಾಟಬಹುದು. ಇದಕ್ಕೆ ಪ್ರತಿವಿಷ ಅಂತ ಇಲ್ಲ. ಆದರೆ ನಡುಕ ನಿಲ್ಲಿಸೋ ಔಷಧಿ, ಡ್ರಿಪ್, ಹೊಟ್ಟೆ ತೊಳೆಯೋದು, ಮೈ ತಣ್ಣಗೆ ಮಾಡೋದು, ಇವೆಲ್ಲ ಬೇಗ ಸಿಕ್ಕಿದರೆ ನಾಯಿ ಉಳಿಯತ್ತೆ. ಫಿಟ್ಸ್ ನಿಂತ ಮೇಲೂ ಎರಡು ಮೂರು ದಿನಕ್ಕೆ ಲಿವರ್ ತೊಂದರೆ ಕಾಣಿಸಬಹುದು, ಅದಕ್ಕೇ ವೆಟ್ ಮತ್ತೆ ರಕ್ತ ಪರೀಕ್ಷೆಗೆ ಕರೀತಾರೆ. ತಪ್ಪಿಸಬೇಡಿ.

ಕೀಟನಾಶಕದ ದ್ರವ ಮತ್ತು ಹರಳು. ಕ್ಲೋರ್‌ಪೈರಿಫಾಸ್ ಗೆದ್ದಲಿಗೆ ಸುರಿಯೋದು. ಇದೂ, ಇದರ ಜಾತಿಯ ಫೋರೇಟ್, ಇನ್ನೊಂದು ಜಾತಿಯ ಕಾರ್ಬೋಫ್ಯೂರಾನ್ ಹರಳು, ಎಲ್ಲವೂ ನರಗಳ ಮೇಲೆ ಒಂದೇ ಥರ ಕೆಲಸ ಮಾಡತ್ತೆ. ಲಕ್ಷಣ ಗುರುತಿಸೋದು ಸುಲಭ: ಮೈಯಿಂದ ನೀರು ಹೊರಡೋ ದಾರಿಗಳೆಲ್ಲಾ ಒಟ್ಟಿಗೆ ತೆರೆದುಕೊಳ್ಳತ್ತೆ. ಜೊಲ್ಲು, ಕಣ್ಣೀರು, ಮೂತ್ರ, ಭೇದಿ, ವಾಂತಿ. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು ಸಣ್ಣದಾಗತ್ತೆ. ಎದೆಯಲ್ಲಿ ಕಫ ತುಂಬಿ ಉಸಿರು ಗೊರಗೊರ ಅನ್ನತ್ತೆ. ಇವು ನಿಮಿಷಗಳಿಂದ ಕೆಲವು ಗಂಟೆಗಳಲ್ಲೇ ಬರಬಹುದು. ಸಮಾಧಾನದ ಸಂಗತಿ ಅಂದ್ರೆ ಇದಕ್ಕೆ ಔಷಧಿ ಇದೆ. ಅಟ್ರೋಪಿನ್ ಸಾಮಾನ್ಯವಾಗಿ ಎಲ್ಲಾ ವೆಟ್ ಹತ್ತಿರ ಇರತ್ತೆ. ಕ್ಲೋರ್‌ಪೈರಿಫಾಸ್ ಜಾತಿಗೆ ಪ್ರಾಲಿಡಾಕ್ಸಿಮ್ ಅನ್ನೋದೂ ಬೇಕಾಗಬಹುದು. ಅದಕ್ಕೇ ಹೆಸರು ಮುಖ್ಯ ಅನ್ನೋದು.

ಫೋರೇಟ್ ಮಾರಾಟ, ಬಳಕೆ ನಮ್ಮ ದೇಶದಲ್ಲಿ 2020ರ ಡಿಸೆಂಬರ್ 31ಕ್ಕೆ ನಿಂತುಹೋಗಿದೆ. ಆದರೂ ಊರಿನ ಹೊಲದ ಮನೆಯಲ್ಲಿ ಹಳೇ ಚೀಲ ಇರತ್ತೆ. ಹಬ್ಬಕ್ಕೆ ಕಲಬುರಗಿಗೋ ರಾಯಚೂರಿಗೋ ಹೋದಾಗ ಅಪ್ಪ "ಗಿಡಕ್ಕೆ ಹಾಕು" ಅಂತ ನೀರಿನ ಬಾಟಲಿಯಲ್ಲಿ ಒಂದಿಷ್ಟು ಕೊಟ್ಟಿರ್ತಾರೆ. ಲೇಬಲ್ ಇಲ್ಲ, ಹೆಸರಿಲ್ಲ. ಅಂಥದ್ದು ಮನೆಯಲ್ಲಿ ಇದ್ದರೆ, ದಯವಿಟ್ಟು ಇವತ್ತೇ ಊರಿಗೆ ಫೋನ್ ಮಾಡಿ ಏನು ಅಂತ ಕೇಳಿ, ದಪ್ಪ ಅಕ್ಷರದಲ್ಲಿ ಅದರ ಮೇಲೆ ಬರೆದು ಬೀಗದ ಕಪಾಟಿಗೆ ಸೇರಿಸಿ.

ದ್ರವ ಮೈಮೇಲೆ, ಪಾದಕ್ಕೆ ಅಂಟಿದ್ದರೆ ನಾಯಿ ನೆಕ್ಕಿಕೊಂಡು ಮತ್ತೆ ತಿನ್ನತ್ತೆ. ನಾಯಿ ಎಚ್ಚರದಲ್ಲಿದ್ದು, ನಡುಕ ಇಲ್ಲದಿದ್ದರೆ, ಕೈಗವಸು ಹಾಕಿಕೊಂಡು ಪಾತ್ರೆ ತೊಳೆಯೋ ಸೋಪಿನ ನೀರಿನಲ್ಲಿ ತೊಳೆಯಿರಿ, ಟವೆಲ್ ಸುತ್ತಿ ಹೊರಡಿ.

ಇಲಿ ಕೇಕ್, ಅಂದ್ರೆ ಬ್ರೋಮಾಡಿಯೋಲೋನ್, ಶೇ. 0.005. ನೀಲಿನೋ ಹಸಿರೋ ಕೆಂಪೋ ಬಣ್ಣದ ಸಣ್ಣ ಕೇಕ್. ನಮ್ಮ ಅಂಗಡಿಗಳಲ್ಲಿ ಸುಲಭವಾಗಿ ಸಿಗೋದು ಇದೇ, ಮೋಸದ ವಿಷಾನೂ ಇದೇ. ರಕ್ತ ಹೆಪ್ಪುಗಟ್ಟೋಕೆ ಬೇಕಾದ ಅಂಶಗಳನ್ನು ಲಿವರ್ ತಯಾರಿಸತ್ತೆ, ಅದಕ್ಕೆ ವಿಟಮಿನ್ ಕೆ ಬೇಕು. ಈ ವಿಷ ಆ ವಿಟಮಿನ್ ಮತ್ತೆ ಬಳಕೆಗೆ ಬರೋದನ್ನು ತಡೀತದೆ. ಅಂಗಡಿಗೆ ಹೊಸ ಸರಕು ಬರೋದು ನಿಂತುಹೋಗಿದೆ, ಆದರೆ ಕಪಾಟಿನಲ್ಲಿ ಹಳೇ ದಾಸ್ತಾನು ಇದೆ, ಹಾಗಾಗಿ ವ್ಯಾಪಾರ ನಡೀತಾನೇ ಇದೆ. ಮೂರರಿಂದ ಐದು ದಿನಕ್ಕೆ ದಾಸ್ತಾನು ಮುಗಿಯತ್ತೆ. ಆಗ ರಕ್ತಸ್ರಾವ ಶುರು.

ಆ ರಕ್ತ ಎಲ್ಲಾ ಸಲ ಹೊರಗೆ ಕಾಣಲ್ಲ. ಎಷ್ಟೋ ಸಲ ಎದೆಯೊಳಗೆ, ಹೊಟ್ಟೆಯೊಳಗೆ ಸೋರತ್ತೆ. ನಿಮಗೆ ಕಾಣೋದು ಸುಸ್ತು, ಕೆಮ್ಮು, ಏದುಸಿರು, ಬಿಳಿಚಿದ ಒಸಡು ಅಷ್ಟೇ. ಬುಧವಾರ ಕೇಕ್ ತಿಂದಿದ್ದನ್ನ ಭಾನುವಾರದ ಕೆಮ್ಮಿಗೆ ಯಾರು ಜೋಡಿಸ್ತಾರೆ ಹೇಳಿ?

ಬೇಗ ಹೋದರೆ ಇದೇ ಅತ್ಯಂತ ಸುಲಭವಾಗಿ ಗೆಲ್ಲಬಹುದಾದ ವಿಷ. ವೆಟ್ ವಾಂತಿ ಮಾಡಿಸ್ತಾರೆ. ತಿಂದ 48ರಿಂದ 72 ಗಂಟೆಗೆ ರಕ್ತ ಹೆಪ್ಪುಗಟ್ಟೋ ಪರೀಕ್ಷೆ, ಪಿ.ಟಿ. ಅಂತಾರೆ, ಮಾಡಿಸ್ತಾರೆ. ಬೇಕಾದರೆ ವಿಟಮಿನ್ ಕೆ-1 ಮಾತ್ರೆ ಮೂರು ನಾಲ್ಕು ವಾರ. ಇಲ್ಲಿ ಎರಡು ವಿಷಯ ನೆನಪಿಡಿ. ಒಂದು, ಅದು ಕೆ-1 ಆಗಿರಬೇಕು. ಅಂಗಡಿಯವರು "ವಿಟಮಿನ್ ಕೆ ತಾನೇ" ಅಂತ ಕೆ-3 ಕೊಟ್ಟರೆ ಈ ವಿಷಕ್ಕೆ ಅದು ಉಪಯೋಗಕ್ಕೆ ಬರಲ್ಲ. ಎರಡು, ಒಂದು ವಾರಕ್ಕೆ ನಾಯಿ ಚೆನ್ನಾಗಿದೆ ಅಂತ ಮಾತ್ರೆ ನಿಲ್ಲಿಸಬೇಡಿ. ವಿಷ ಲಿವರ್‌ನಲ್ಲಿ ವಾರಗಟ್ಟಲೆ ಕೂತಿರತ್ತೆ. ಕೋರ್ಸ್ ಮುಗಿದು ಎರಡು ಮೂರು ದಿನ ಬಿಟ್ಟು ಮತ್ತೆ ಪಿ.ಟಿ. ನೋಡಿ ಆಮೇಲೆಯೇ ನಿರಾಳ.

ಇಲಿ ಪಾಷಾಣದ ಪುಡಿ, ಅಂದ್ರೆ ಜಿಂಕ್ ಫಾಸ್ಫೈಡ್. ಕಪ್ಪು ಬೂದು ಬಣ್ಣ, ಬೆಳ್ಳುಳ್ಳಿನೋ ಕೊಳೆತ ಮೀನೋ ಅನ್ನೋ ವಾಸನೆ. ಹೊಟ್ಟೆಯ ಆಮ್ಲ ತಾಗಿದ ಕೂಡಲೇ ಫಾಸ್ಫೀನ್ ಅನಿಲ ಆಗತ್ತೆ. ಊಟ ಕೊಟ್ಟರೆ ಆಮ್ಲ ಹೆಚ್ಚಾಗತ್ತೆ, ಅನಿಲಾನೂ ಹೆಚ್ಚಾಗತ್ತೆ, ಹಾಗಾಗಿ ಬಿಸ್ಕತ್ತೂ ಬೇಡ. ಈ ಅನಿಲ ಮನುಷ್ಯರಿಗೂ ಅಪಾಯ. ನಾಯಿ ಕಾರಿನಲ್ಲಿ ವಾಂತಿ ಮಾಡಿದರೆ ಎಲ್ಲಾ ಕಿಟಕಿ ಇಳಿಸಿ, ಬಗ್ಗಿ ಮೂಸಬೇಡಿ, ಮಕ್ಕಳನ್ನು ಆ ಕಾರಿನಲ್ಲಿ ಕರಕೊಂಡು ಹೋಗಬೇಡಿ. ಕ್ಲಿನಿಕ್‌ಗೆ ಕಾಲಿಡೋ ಮೊದಲೇ "ಫಾಸ್ಫೈಡ್ ಇರಬಹುದು" ಅಂತ ಹೇಳಿ, ಅವರು ಗಾಳಿಯಾಡೋ ಜಾಗದಲ್ಲಿ ನೋಡ್ತಾರೆ.

ಹರಳಿಂಡಿ. ಇದು ಬಹಳ ಜನಕ್ಕೆ ಹೊಸದು. ಉತ್ತರ ಕರ್ನಾಟಕದವರು ಔಡಲ ಅಂತೀವಲ್ಲ, ತೆಲುಗಿನಲ್ಲಿ ಆಮುದಂ, ಆ ಬೀಜದ ಎಣ್ಣೆ ತೆಗೆದು ಉಳಿದ ಹಿಂಡಿ. ತೆಲಂಗಾಣ ಹರಳು ಬೆಳೆಯೋ ನಾಡು. ಹರಳಿನ ಮೇಲೆ ಸಂಶೋಧನೆ ಮಾಡೋ ಭಾರತೀಯ ಎಣ್ಣೆಬೀಜ ಸಂಶೋಧನಾ ಸಂಸ್ಥೆ ಇರೋದೂ ಇದೇ ಊರಿನ ರಾಜೇಂದ್ರನಗರದಲ್ಲಿ. ಹಿಂಡಿಯನ್ನು ಸಾವಯವ ಗೊಬ್ಬರ ಅಂತ ಮಾರ್ತಾರೆ, ಗಿಡಕ್ಕೆ ಒಳ್ಳೇದೇ. ಆದರೆ ಬೀಜದಲ್ಲಿರೋ ರಿಸಿನ್ ಅನ್ನೋ ವಿಷ ಎಣ್ಣೆಗೆ ಬರಲ್ಲ, ಹಿಂಡಿಯಲ್ಲೇ ಉಳಿಯತ್ತೆ. ಸರಿಯಾಗಿ ಬಿಸಿ ಮಾಡಿ ಸಂಸ್ಕರಿಸದ ಹಿಂಡಿಯನ್ನು ನಾಯಿ ತಿಂದರೆ ಕೆಲವು ಗಂಟೆಗಳಿಂದ ಎರಡು ದಿನದೊಳಗೆ ವಾಂತಿ, ರಕ್ತ ಬೆರೆತ ಭೇದಿ, ಹೊಟ್ಟೆನೋವು ಬರತ್ತೆ. ಪ್ರತಿವಿಷ ಇಲ್ಲ, ಡ್ರಿಪ್ ಮತ್ತು ಆರೈಕೆಯೇ ಚಿಕಿತ್ಸೆ. "ಆರ್ಗ್ಯಾನಿಕ್" ಅಂತ ಬರೆದಿದ್ದರೆ ನಾಯಿಗೆ ಸುರಕ್ಷಿತ ಅಂತ ಅಲ್ಲ. ನಾಯಿ ಇರೋ ಮನೆಗೆ ಹರಳಿಂಡಿ ತರಲೇಬೇಡಿ.

ಲೇಬಲ್ ಓದೋದು ಹೇಗೆ

ನಮ್ಮ ದೇಶದಲ್ಲಿ ಕೀಟನಾಶಕ ಕಾಯ್ದೆ 1968ರದ್ದು, ಅದರ ನಿಯಮಗಳು 1971ರದ್ದು. ಅದರ ಪ್ರಕಾರ ಪ್ರತಿ ಪ್ಯಾಕೆಟ್ ಮೇಲೆ ವಜ್ರಾಕಾರದ ಒಂದು ಚೌಕ ಇರಬೇಕು, ಕೆಳಗಿನ ಅರ್ಧಕ್ಕೆ ಬಣ್ಣ. ಕೆಂಪು ಅಂದ್ರೆ ಅತಿ ತೀವ್ರ ವಿಷ, ಹಳದಿ ಅಂದ್ರೆ ತೀವ್ರ, ನೀಲಿ ಮಧ್ಯಮ, ಹಸಿರು ಕಡಿಮೆ. ಹಸಿರು ಇದ್ದರೆ ನಾಯಿಗೆ ಏನೂ ಆಗಲ್ಲ ಅಂತ ತಿಳೀಬೇಡಿ. ನಾಲ್ಕು ಕೆಜಿಯ ನಾಯಿ ಪ್ಯಾಕೆಟ್ ಪೂರ್ತಿ ಖಾಲಿ ಮಾಡಿದರೆ ಬಣ್ಣದ ಲೆಕ್ಕ ನಡೆಯಲ್ಲ.

ನಿಮಗೆ ಬೇಕಾದ್ದು ಕಂಪನಿಯ ಹೆಸರು ಅಲ್ಲ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿರೋ ರಾಸಾಯನಿಕದ ಹೆಸರು ಮತ್ತು ಶೇಕಡಾ. ಜೊತೆಯ ಕರಪತ್ರದಲ್ಲಿ ವಿಷದ ಲಕ್ಷಣ, ಪ್ರತಿವಿಷ ಏನು ಅಂತಾನೂ ಬರೆದಿರತ್ತೆ. ಹಾಗಾಗಿ ಕರಪತ್ರ ಎಸೀಬೇಡಿ.

ಶೇಕಡಾ ಯಾಕೆ ಬೇಕು ಅಂತ ಒಂದು ಲೆಕ್ಕ ಮಾಡೋಣ. ಶೇ. 0.005 ಅಂದ್ರೆ ಒಂದು ಗ್ರಾಂ ಕೇಕ್‌ನಲ್ಲಿ 0.05 ಮಿಲಿಗ್ರಾಂ ವಿಷ. 20 ಗ್ರಾಂ ಕೇಕ್ ತಿಂದರೆ 1 ಮಿಲಿಗ್ರಾಂ. ನಾಯಿ 10 ಕೆಜಿ ಇದ್ದರೆ ಕೆಜಿಗೆ 0.1 ಮಿಲಿಗ್ರಾಂ. ಅದೇ 30 ಕೆಜಿಯ ಲ್ಯಾಬ್ರಡಾರ್ ಆದರೆ ಕೆಜಿಗೆ ಸುಮಾರು 0.03. ವೆಟ್ ಈ ಅಂಕಿ ಹಿಡಿದೇ ಏನು ಮಾಡಬೇಕು ಅಂತ ನಿರ್ಧಾರ ಮಾಡೋದು. ಹಾಗಾಗಿ ಎಷ್ಟು ತಿಂದಿರಬಹುದು ಅಂತ ಗೊತ್ತಿಲ್ಲದಿದ್ದರೆ, ಕಾಣೆಯಾದದ್ದೆಲ್ಲ ಹೊಟ್ಟೆಗೆ ಹೋಗಿದೆ ಅಂತಲೇ ಲೆಕ್ಕ ಹಾಕಿ. ಎರಡು ನಾಯಿ ಇದ್ದರೆ ಎರಡೂ ತಿಂದಿವೆ ಅಂತಲೇ ಕರಕೊಂಡು ಹೋಗಿ.

ಫೋನಿನಲ್ಲಿ ಹೇಳಬೇಕಾದ್ದು ಐದು: ವಿಷದ ಹೆಸರು ಮತ್ತು ಶೇಕಡಾ, ಎಷ್ಟು ತಿಂದಿರಬಹುದು, ಎಷ್ಟು ಹೊತ್ತಿಗೆ, ನಾಯಿಯ ತೂಕ, ಈಗ ನಾಯಿ ಹೇಗಿದೆ. ಆನ್‌ಕಾಲ್‌ನಲ್ಲಿ ಇನ್ಸಿಡೆಂಟ್ ರಿಪೋರ್ಟ್ ಕೊಟ್ಟು ಅಭ್ಯಾಸ ಇರೋ ನಮಗೆ ಇದು ಕಷ್ಟ ಅಲ್ಲ. ಗಾಬರಿಯಲ್ಲಿ ಮರೀತೀವಿ ಅಷ್ಟೇ.

ಮಾಲಿ ಹತ್ತಿರ ಏನು ಕೇಳಬೇಕು

ಎಷ್ಟೋ ಸಲ ವಿಷ ಹಾಕಿದ್ದು ನಾವಲ್ಲ, ಅಪಾರ್ಟ್‌ಮೆಂಟಿನ ಮಾಲಿನೋ ವಾಚ್‌ಮನ್ನೋ. ಅವರ ಜೊತೆ ಇಂಗ್ಲಿಷ್ ನಡೆಯಲ್ಲ. ಬೆಂಗಳೂರು ಕಡೆಯಿಂದ ಹೊಸದಾಗಿ ಬಂದವರಿಗೆ ಈ ನಾಲ್ಕು ತೆಲುಗು ಮಾತು ಗೊತ್ತಿರಲಿ.

"ಮಾ ಕುಕ್ಕ ಮಂದು ತಿನೇಸಿಂದಿ." ನಮ್ಮ ನಾಯಿ ಔಷಧಿ ತಿಂದುಬಿಟ್ಟಿದೆ.
"ಏ ಮಂದು ವೇಶಾರು?" ಯಾವ ಔಷಧಿ ಹಾಕಿದ್ರಿ?
"ಎಕ್ಕಡ ಪೆಟ್ಟಾರು?" ಎಲ್ಲಿ ಇಟ್ಟಿದ್ರಿ?
"ಪ್ಯಾಕೆಟ್ ಚೂಪಿಂಚಂಡಿ, ಭಯಪಡಕಂಡಿ." ಪ್ಯಾಕೆಟ್ ತೋರಿಸಿ, ಹೆದರಬೇಡಿ.

ತೆಲುಗಿನಲ್ಲಿ ಮಂದು ಅಂದ್ರೆ ಔಷಧಿನೂ ಹೌದು, ವಿಷಾನೂ ಹೌದು, ಕುಡಿಯೋದೂ ಹೌದು. ನಮ್ಮ ರೈತರು ಬೆಳೆಗೆ "ಎಣ್ಣಿ ಹೊಡೀತೀವಿ" ಅಂತಾರಲ್ಲ, ಹಾಗೇ. ಆದ್ದರಿಂದ ಬಿಡಿಸಿ ಕೇಳಿ: ಎಲುಕಲ ಮಂದು ಅಂದ್ರೆ ಇಲಿಯದ್ದು, ಪುರುಗುಲ ಮಂದು ಹುಳದ್ದು, ನತ್ತಲ ಮಂದು ಬಸವನಹುಳುವಿಂದು, ಚೆದಲ ಮಂದು ಗೆದ್ದಲಿಂದು.

"ಭಯಪಡಕಂಡಿ" ಅನ್ನೋದನ್ನ ಬಿಡಬೇಡಿ. ಕೆಲಸ ಹೋಗತ್ತೆ ಅನ್ನೋ ಹೆದರಿಕೆಗೆ ಅವರು "ನಾನೇನೂ ಹಾಕಿಲ್ಲ ಸಾರ್" ಅಂದುಬಿಟ್ಟರೆ, ಹೆಸರು ಗೊತ್ತಾಗದೆ ಹೋಗೋದು ನಿಮ್ಮ ನಾಯಿಗೇ ನಷ್ಟ. ಆ ಹತ್ತು ನಿಮಿಷ ಜಗಳಕ್ಕೆ ಅಲ್ಲ. ಕಮಿಟಿ ಮೀಟಿಂಗ್‌ನಲ್ಲಿ ಮಾತಾಡೋದು ಆಮೇಲೆ ಇದ್ದೇ ಇದೆ.

ಎಲ್ಲಿಗೆ ಹೋಗೋದು

ಹೈದರಾಬಾದಿನಲ್ಲಿ ಎರಡು ದೊಡ್ಡ ಸರ್ಕಾರಿ ಜಾಗ ಗೊತ್ತಿರಲಿ. ಒಂದು, ನಾರಾಯಣಗೂಡದ ಸರ್ಕಾರಿ ಸೂಪರ್ ಸ್ಪೆಷಾಲಿಟಿ ಪಶು ಆಸ್ಪತ್ರೆ. ಇನ್ನೊಂದು, ರಾಜೇಂದ್ರನಗರದ ಪಶುವೈದ್ಯ ಕಾಲೇಜಿನ ಆಸ್ಪತ್ರೆ. ಇದು ಪಿ.ವಿ. ನರಸಿಂಹರಾವ್ ತೆಲಂಗಾಣ ಪಶುವೈದ್ಯ ವಿಶ್ವವಿದ್ಯಾಲಯಕ್ಕೆ ಸೇರಿದ್ದು, ಮೆಹದಿಪಟ್ಟಣಂನಿಂದ ಎಕ್ಸ್‌ಪ್ರೆಸ್‌ವೇ ಹಿಡಿದು ಆರಾಂಘರ್ ಕಡೆ ಇಳಿದರೆ ಸಿಗತ್ತೆ.

ಆದರೆ ನೀವು ತೆಲ್ಲಾಪುರದಲ್ಲಿದ್ದು ಸಂಜೆ ಏಳಕ್ಕೆ ನಾರಾಯಣಗೂಡಕ್ಕೆ ಹೊರಟರೆ, ಟ್ರಾಫಿಕ್‌ನಲ್ಲೇ ಮೆಟಾಲ್ಡಿಹೈಡ್‌ನ ಗಡಿಯಾರ ಮುಗಿದುಹೋಗತ್ತೆ. ಮೊದಲ ಅರ್ಧ ಗಂಟೆಗೆ ದೊಡ್ಡ ಆಸ್ಪತ್ರೆ ಬೇಕಾಗಿಲ್ಲ. ವಾಂತಿ ಮಾಡಿಸೋಕೆ, ಅಟ್ರೋಪಿನ್ ಕೊಡೋಕೆ, ಫಿಟ್ಸ್ ನಿಲ್ಲಿಸೋಕೆ, ಡ್ರಿಪ್ ಹಾಕೋಕೆ ಬರೋ ಪಕ್ಕದ ಕ್ಲಿನಿಕ್ ಸಾಕು. ಅಲ್ಲಿಂದ ಮುಂದೆ ಎಲ್ಲಿಗೆ ಅಂತ ಅವರೇ ಹೇಳ್ತಾರೆ.

ಹಾಗಾಗಿ ಈ ವಾರಾಂತ್ಯ ಒಂದು ಕೆಲಸ ಮಾಡಿ. ಮನೆಗೆ ಹತ್ತಿರದ ಮೂರು ಕ್ಲಿನಿಕ್‌ಗೆ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ: ರಾತ್ರಿ ಡಾಕ್ಟರ್ ಇರ್ತಾರಾ, ಅಥವಾ ಬೋರ್ಡ್ ಮಾತ್ರ 24 ಗಂಟೆಯಾ? ಅಟ್ರೋಪಿನ್ ಮತ್ತು ವಿಟಮಿನ್ ಕೆ-1 ಇಟ್ಟಿದ್ದೀರಾ? ರಾತ್ರಿ ಅಡ್ಮಿಟ್ ಮಾಡ್ಕೋತೀರಾ? ಉತ್ತರ ಫ್ರಿಜ್ ಮೇಲೆ ಅಂಟಿಸಿ, ಮನೆಯವರ ಫೋನ್‌ಗಳಲ್ಲೂ ಸೇವ್ ಮಾಡಿ. ನೀವು ಆಫೀಸಿನಲ್ಲಿದ್ದಾಗ ನಾಯಿ ಜೊತೆ ಇರೋದು ಊರಿಂದ ಬಂದ ಅತ್ತೆನೋ ಅಮ್ಮನೋ. ಅವರಿಗೂ ಆ ಕಾಗದ ತೋರಿಸಿ.

1962 ನಂಬರಿನ ಸಂಚಾರಿ ಪಶು ಸೇವೆ ಇದೆ, ಆದರೆ ಅದು ಮುಖ್ಯವಾಗಿ ಹಳ್ಳಿಯ ದನ ಕುರಿಗಳಿಗೆ. ಫ್ಲಾಟಿನ ನಾಯಿಗೆ ಅದನ್ನೇ ನೆಚ್ಚಿ ಕಾಯಬೇಡಿ. ಮನೆಯ ಮಗು ಕೂಡ ಅದೇ ವಿಷ ಮುಟ್ಟಿದೆ, ಬಾಯಿಗೆ ಹಾಕಿದೆ ಅನ್ನೋ ಅನುಮಾನ ಇದ್ದರೆ ನಾಯಿಯನ್ನು ಬಿಟ್ಟು ಮೊದಲು ಮಗುವನ್ನು ಆಸ್ಪತ್ರೆಗೆ ಕರಕೊಂಡು ಹೋಗಿ. ದೆಹಲಿಯ ಏಮ್ಸ್‌ನಲ್ಲಿರೋ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ನಂಬರ್ 1800 116 117, ಹಗಲು ರಾತ್ರಿ ಇರತ್ತೆ, ಅದು ಮನುಷ್ಯರಿಗಾಗಿ.

ದಾರಿಯಲ್ಲಿ ಫಿಟ್ಸ್ ಬಂದರೆ ಪಕ್ಕಕ್ಕೆ ಮಲಗಿಸಿ, ತಲೆ ಸ್ವಲ್ಪ ಕೆಳಗಿರಲಿ. ಬಾಯೊಳಗೆ ಕೈ ಹಾಕಬೇಡಿ, ಬಾಯಿ ಕಟ್ಟಬೇಡಿ. ಮೈ ಸುಡ್ತಾ ಇದ್ದರೆ ಸಾಮಾನ್ಯ ನೀರಿನಲ್ಲಿ ಒದ್ದೆ ಮಾಡಿದ ಟವೆಲ್ ಹಾಕಿ, ಐಸ್ ಬೇಡ. ಒಬ್ಬರು ಓಡಿಸಿ, ಒಬ್ಬರು ನಾಯಿ ಜೊತೆ ಹಿಂದೆ ಕೂರಿ. ಒಬ್ಬರೇ ಇದ್ದರೆ ಪಕ್ಕದ ಮನೆಯ ಬಾಗಿಲು ತಟ್ಟಿ. ಪರಿಚಯ ಇಲ್ಲದಿದ್ದರೂ ಪರವಾಗಿಲ್ಲ.

ಮುಂದೆ ಆಗದ ಹಾಗೆ

ಅಪಾರ್ಟ್‌ಮೆಂಟ್ ಕಮಿಟಿಯಲ್ಲಿ ಮೂರು ನಿಯಮ ಮಾಡಿಸಿ. ಔಷಧಿ ಹಾಕೋ ಹಿಂದಿನ ದಿನ ವಾಟ್ಸಾಪ್ ಗ್ರೂಪ್‌ನಲ್ಲಿ ರಾಸಾಯನಿಕದ ಹೆಸರು, ಜಾಗ, ದಿನ ಹಾಕಬೇಕು. ಇಲಿ ವಿಷ ಬಿಡಿಯಾಗಿ ಇಡೋ ಹಾಗಿಲ್ಲ, ಬೀಗ ಇರೋ ಬೈಟ್ ಪೆಟ್ಟಿಗೆಯಲ್ಲೇ ಇಡಬೇಕು. ಪೆಸ್ಟ್ ಕಂಟ್ರೋಲ್‌ನವರ ರಸೀದಿಯಲ್ಲಿ ಬಳಸಿದ ಔಷಧಿಯ ಹೆಸರು ಬರೆಸಿ, ಅದರ ಒಂದು ಪ್ರತಿ ಸೆಕ್ಯುರಿಟಿ ಗೇಟ್‌ನಲ್ಲಿ ಇರಬೇಕು. ರಾತ್ರಿ ಎರಡು ಗಂಟೆಗೂ ತೆರೆದಿರೋ ಆಫೀಸು ಅದೊಂದೇ ಅಲ್ವಾ.

ಬಸವನಹುಳುವಿಗೆ ಗುಳಿಗೆ ಬೇಡ. ಸಂಜೆ ಒದ್ದೆ ಗೋಣಿಚೀಲ ಹಾಸಿ, ಅದರ ಕೆಳಗೆ ಪಪ್ಪಾಯಿ ಎಲೆನೋ ಎಲೆಕೋಸಿನ ಸಿಪ್ಪೆನೋ ಇಡಿ. ಬೆಳಗ್ಗೆ ಅದರಡಿ ಗುಂಪಾಗಿ ಸೇರಿರತ್ತೆ. ಕೈಗವಸು ಹಾಕಿ ಆರಿಸಿ ಗಟ್ಟಿ ಉಪ್ಪು ನೀರಿನ ಬಕೆಟ್‌ಗೆ ಹಾಕಿ, ಆ ಬಕೆಟ್ ನಾಯಿಗೆ ಸಿಗದ ಹಾಗೆ ನೋಡಿಕೊಳ್ಳಿ. ಗುಲಾಬಿಗೆ ಮೂಳೆ ಪುಡಿ ಬದಲು ಎರೆಗೊಬ್ಬರ ಹಾಕಿ. ಕುಂಡದ ಮಣ್ಣಿಗೆ ಹರಳು ಔಷಧಿ ಹಾಕಲೇಬೇಕಾದರೆ ಆ ಕುಂಡ ನಾಯಿಗೆ ಎಟುಕದ ಸ್ಟ್ಯಾಂಡ್ ಮೇಲಿರಲಿ. ವಾಕಿಂಗ್‌ನಲ್ಲಿ ಪೊದೆ, ಕಾರ್ ಪಾರ್ಕಿಂಗ್ ಮೂಲೆಗಳ ಹತ್ತಿರ ಹಗ್ಗ ಗಿಡ್ಡ ಹಿಡಿಯಿರಿ. ಸತ್ತ ಇಲಿ ಕಚ್ಚೋಕೆ ಬಿಡಬೇಡಿ, ಅದರ ಹೊಟ್ಟೆಯಲ್ಲೂ ವಿಷ ಇರಬಹುದು. "ಬಿಡು" ಅಂದ್ರೆ ಬಾಯಲ್ಲಿರೋದನ್ನ ಬಿಡೋ ಅಭ್ಯಾಸ ಮಾಡಿಸಿ. ದಿನಕ್ಕೆ ಐದು ನಿಮಿಷ, ಬಾಯಲ್ಲಿರೋದು ಬಿಟ್ಟಾಗಲೆಲ್ಲಾ ಅದಕ್ಕಿಂತ ಒಳ್ಳೇ ತಿಂಡಿ ಕೊಟ್ಟು.

ಬೆಕ್ಕು ಇರೋರು ಕೇಳ್ತೀರಿ ಅಂತ ಗೊತ್ತು. ಸೈಪರ್‌ಮೆಥ್ರಿನ್, ಪರ್‌ಮೆಥ್ರಿನ್ ಜಾತಿಯ ಸ್ಪ್ರೇ ನಾಯಿಗಿಂತ ಬೆಕ್ಕಿಗೆ ತುಂಬಾ ಅಪಾಯ. ಅದರ ಬಗ್ಗೆ ಬೇರೆಯೇ ಮಾತಾಡೋಣ.

ಇವತ್ತು ಇಷ್ಟು ಸಾಕು. ಮೇಲಿನ ನಾಲ್ಕು ಸಾಲನ್ನು ಸ್ಕ್ರೀನ್‌ಶಾಟ್ ತೆಗೆದು ನಿಮ್ಮ ಅಪಾರ್ಟ್‌ಮೆಂಟಿನ ನಾಯಿ ಸಾಕಿರೋರ ಗ್ರೂಪ್‌ಗೆ ಕಳಿಸಿ. ಕನ್ನಡ ಬಾರದವರಿದ್ದರೆ ನೀವೇ ಎರಡು ಮಾತಲ್ಲಿ ಹೇಳಿ. ನಿಮ್ಮ ಏರಿಯಾದಲ್ಲಿ ರಾತ್ರಿ ನಿಜವಾಗಲೂ ಡಾಕ್ಟರ್ ಇರೋ ಕ್ಲಿನಿಕ್ ಯಾವುದು ಅಂತ ಫೋನ್ ಮಾಡಿ ಖಾತ್ರಿ ಮಾಡಿಕೊಂಡವರು ವಿಡಿಯೋ ಕೆಳಗೆ ಬರೆಯಿರಿ. ಪಕ್ಕದ ಬೀದಿಯಲ್ಲಿರೋ ಇನ್ನೊಬ್ಬ ಕನ್ನಡದವರಿಗೆ ಅದೇ ಬೇಕಾಗಿರತ್ತೆ.

ಮುಂದಿನ ವಾರ ಸಿಗೋಣ. ನಮಸ್ಕಾರ.